ಗೇರ್‌ಬಾಕ್ಸ್ ಇಳಿಸುವ ಮುನ್ನ

ವಿಲ್ಸನ್ ಗಾರ್ಡನ್‌ನ ಒಂದು ಅಡ್ಡರಸ್ತೆಯಲ್ಲಿ ಬೋರ್ಡಿಲ್ಲದ ಗ್ಯಾರೇಜೊಂದಿದೆ. ಅಲ್ಲಿಗೆ ಬರುವ ಗಾಡಿಗಳೆಲ್ಲ ಮೂವತ್ತು–ನಲವತ್ತು ವರ್ಷ ದಾಟಿದವು, ಎಲ್ಲವೂ ಆಟೊಮ್ಯಾಟಿಕ್ ಗೇರಿನವು. ಹೆಚ್ಚಿನವು ಬೇರೆಲ್ಲೋ ‘ಗೇರ್‌ಬಾಕ್ಸ್ ಹೋಯ್ತು, ಬದಲಾಯಿಸಿ’ ಎನ್ನಿಸಿಕೊಂಡು ಬಂದಿರುತ್ತವೆ. ಎಪ್ಪತ್ತರ ಹತ್ತಿರದ ಯಜಮಾನರನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಕೆಟ್ಟ ಗೇರ್‌ಬಾಕ್ಸನ್ನು ಬಿಚ್ಚಿ ಜೋಡಿಸುವವರು ಇನ್ನೂ ಕೆಲವರಿದ್ದಾರೆ. ಬಿಚ್ಚದೆಯೇ ಒಳಗೆ ಏನಾಗಿದೆ ಎಂದು ಹೇಳಬಲ್ಲವರು ವಿರಳ. ಉಸ್ತಾದರು ಆ ಎರಡನೆಯ ಗುಂಪಿನವರು.

ನಾನು ಹೋದ ದಿನ ಅಂಗಳದಲ್ಲಿ ನಿಂತಿದ್ದದ್ದು 1983ರ ಮರ್ಸಿಡಿಸ್ 300ಡಿ. ಡಬ್ಲ್ಯು123 ಎಂಬ ಈ ಮಾಲಿಕೆ 1976ರಿಂದ ಸುಮಾರು ಹತ್ತು ವರ್ಷ ತಯಾರಾಗಿ, ಜಗತ್ತಿನಾದ್ಯಂತ 26 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಐದು ಸಿಲಿಂಡರಿನ ಡೀಸೆಲ್ ಇಂಜಿನ್, ನಾಲ್ಕು ಗೇರಿನ 722.3 ಆಟೊಮ್ಯಾಟಿಕ್. ಸಾಫ್ಟ್‌ವೇರ್ ಕೆಲಸದ ಯುವಕನೊಬ್ಬ ತಂದೆಯ ಈ ಕಾರನ್ನು ಬಿಡುವಿನ ವೇಳೆಯಲ್ಲಿ ಒಂದೊಂದೇ ಭಾಗ ಸರಿಪಡಿಸಿಕೊಂಡು ಬರುತ್ತಿದ್ದ. ತುಮಕೂರು ರಸ್ತೆಯ ಸಿಗ್ನಲ್‌ನಲ್ಲಿ ನಿಂತ ಗಾಡಿ ಹಸಿರು ದೀಪ ಬಂದಾಗ ಹೊರಡಲಿಲ್ಲ. ಆಕ್ಸಲರೇಟರ್ ಒತ್ತಿದರೆ ಇಂಜಿನ್ ಬರೀ ರೇಸ್ ಆಗುತ್ತಿತ್ತು.

ಉಸ್ತಾದರು ಬಾನೆಟ್ ಎತ್ತಲಿಲ್ಲ. ಸ್ಟೂಲ್ ಎಳೆದು ಯುವಕನನ್ನು ಕೂರಿಸಿ ಕೇಳತೊಡಗಿದರು.

“ನಿಲ್ಲೋಕೆ ಮುಂಚೆ ಗೇರ್ ಜಾರ್ತಿತ್ತಾ ಸಾರ್?”

“ಇಲ್ಲ ಉಸ್ತಾದ್. ಬೆಳಿಗ್ಗೆ ಚೆನ್ನಾಗೇ ಓಡ್ತು.”

“ಸದ್ದು ಬಂತಾ?”

“ಏನೋ ಟಕ್ ಅಂದಂಗಾಯ್ತು.”

“ಇಲ್ಲಿಗೆ ಹೆಂಗ್ ತಂದ್ರಿ, ಹಗ್ಗ ಕಟ್ಟಿ ಎಳೆದ್ರಾ?”

“ಇಲ್ಲ, ಲಾರಿ ಮೇಲೆ ಹಾಕ್ಕೊಂಡು ಬಂದೆ.”

“ಒಳ್ಳೇದ್ ಮಾಡಿದ್ರಿ. ರಿವರ್ಸ್ ಹೋಗುತ್ತಾ?”

ಯುವಕ ಅದನ್ನು ನೋಡಿರಲಿಲ್ಲ. ಆಮೇಲೆ ನಡೆದದ್ದೆಲ್ಲ ಈ ಕೊನೆಯ ಪ್ರಶ್ನೆಯ ಮೇಲೆಯೇ ನಿಂತಿತ್ತು.

ಈ ಪ್ರಶ್ನೆಗಳಲ್ಲಿ ಒಂದೂ ಸುಮ್ಮನೆ ಕೇಳಿದ್ದಲ್ಲ. ದಿನಗಟ್ಟಲೆ ಜಾರಿ ಜಾರಿ ನಿಂತಿದ್ದರೆ ಕ್ಲಚ್ ಪ್ಲೇಟುಗಳು ಸವೆದು ಸುಟ್ಟಿರಬಹುದು. ಸೂಚನೆಯೇ ಇಲ್ಲದೆ ನಿಂತಿದ್ದರೆ ಏನೋ ಮುರಿದಿರಬೇಕು ಅಥವಾ ಕಳಚಿರಬೇಕು. ಹಗ್ಗದ ಪ್ರಶ್ನೆಗೂ ಕಾರಣವಿದೆ. ಒಳಗಿನ ಆಯಿಲ್ ಪಂಪ್ ತಿರುಗುವುದು ಇಂಜಿನ್ ಓಡುವಾಗ ಮಾತ್ರ. ಇಂಜಿನ್ ಆಫ್ ಮಾಡಿ, ಹಿಂದಿನ ಚಕ್ರಗಳು ನೆಲದ ಮೇಲಿರುವಂತೆ ದೂರ ಎಳೆದರೆ ಎಣ್ಣೆ ಕಾಣದ ಭಾಗಗಳು ಉಜ್ಜಿ ಹಾಳಾಗುತ್ತವೆ. ಒಂದು ದೋಷದ ಜೊತೆಗೆ ಇನ್ನೊಂದು ಸೇರುತ್ತದೆ.

ನಂತರ ಆಯಿಲ್. ಇಂಜಿನ್ ಬಿಸಿಯಾಗಿ ಓಡುತ್ತಿರುವಾಗ, ಲಿವರ್ ‘ಪಿ’ಯಲ್ಲಿರುವಾಗ ಕಡ್ಡಿ ಎಳೆದು ನೋಡಬೇಕು. ಮಟ್ಟ ಇಳಿದಿದ್ದರೆ ಪಂಪ್ ಗಾಳಿ ಹೀರಿ ಒತ್ತಡ ಬೀಳುತ್ತದೆ. ಉಸ್ತಾದರು ಕಡ್ಡಿಯ ತುದಿಯನ್ನು ಬಿಳಿ ಕಾಗದಕ್ಕೆ ಒತ್ತಿದರು. ಕೆಂಪಗಿದ್ದರೆ ಆರೋಗ್ಯ. ಕಂದಾಗಿ ಕಮಟು ವಾಸನೆ ಹೊಡೆದರೆ ಪ್ಲೇಟು ಸುಟ್ಟಿದೆ. ಹಾಲು ಬೆರೆಸಿದ ಹಾಗೆ ಗುಲಾಬಿಯಾಗಿದ್ದರೆ ರೇಡಿಯೇಟರಿನ ಒಳಗಿನ ಆಯಿಲ್ ಕೂಲರ್ ಸೋರಿ ಕೂಲೆಂಟ್ ನುಗ್ಗಿದೆ. ಇದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಕೂಲೆಂಟ್ ಪ್ಲೇಟಿನ ಲೈನಿಂಗ್ ಹಿಡಿದಿಟ್ಟ ಅಂಟನ್ನೇ ಬಿಡಿಸುತ್ತದೆ. ಈ ಕಾರಿನ ಕಾಗದದ ಮೇಲೆ ಮೂಡಿದ್ದು ಕೆಂಪು.

ಆಮೇಲೆ ಉಸ್ತಾದರು ಹುಡುಗನೊಬ್ಬನನ್ನು ಗಾಡಿಯಡಿ ಮಲಗಿಸಿ ಲಿವರ್ ಆಡಿಸಿದರು. ಗೇರ್ ರಾಡಿನ ಪ್ಲಾಸ್ಟಿಕ್ ಬುಷ್ ಪುಡಿಯಾಗಿದ್ದರೆ ಲಿವರ್ ಸರಿದರೂ ಗೇರ್‌ಬಾಕ್ಸಿಗೆ ಸುದ್ದಿ ಮುಟ್ಟುವುದಿಲ್ಲ. ಅದೂ ಸರಿಯಿತ್ತು. ಕೊನೆಗೆ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ, ರಿವರ್ಸ್‌ಗೆ ಹಾಕಿ ಬ್ರೇಕ್ ಬಿಟ್ಟರು. ಗಾಡಿ ಗಟ್ಟಿಯಾಗಿ ಹಿಂದಕ್ಕೆ ಸರಿಯಿತು. ಡ್ರೈವ್‌ಗೆ ಹಾಕಿದರು. ಇಂಜಿನ್ ಮಾತ್ರ ಕೂಗಿತು.

“ಆಯ್ತು ಸಾರ್, ಇಳಿಸೋದು ಬೇಡ,” ಎಂದರು.

ರಿವರ್ಸ್ ಗಟ್ಟಿಯಾಗಿ ಹಿಡಿಯಿತೆಂದರೆ ಪಂಪ್ ಒತ್ತಡ ಕೊಡುತ್ತಿದೆ, ಇಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ತಿರುಗುತ್ತಿದೆ, ಹಿಂದಿನ ಶಾಫ್ಟೂ ಡಿಫರೆನ್ಷಿಯಲ್ಲೂ ಚೆನ್ನಾಗಿವೆ. ದುಬಾರಿ ಭಾಗಗಳೆಲ್ಲ ಒಂದೇ ಪರೀಕ್ಷೆಯಲ್ಲಿ ಪಾಸಾದವು. ಉಳಿದದ್ದು ಮುಂದಕ್ಕೆ ಹೊರಡಲು ಮಾತ್ರ ಬೇಕಾದ ಭಾಗ. ಈ ಗೇರ್‌ಬಾಕ್ಸಿನಲ್ಲಿ ಬಿ-2 ಎಂಬ ಉಕ್ಕಿನ ಪಟ್ಟಿ ಒಂದು ಡ್ರಮ್ಮನ್ನು ಬಿಗಿಹಿಡಿದರೇ ಕಾರು ಮುಂದೆ ಹೊರಡುವುದು. ರಿವರ್ಸ್‌ಗೆ ಆ ಪಟ್ಟಿಯ ಹಂಗಿಲ್ಲ. ಪಟ್ಟಿಯನ್ನು ಒತ್ತುವ ಬಿ-2 ಪಿಸ್ಟನ್ ಒಡೆಯುವುದು ಈ ಮಾದರಿಯ ಹಳೆಯ ಕಾಯಿಲೆ. ಗೇರ್‌ಬಾಕ್ಸ್ ಗಾಡಿಯಲ್ಲೇ ಇರುವಾಗ, ಪಕ್ಕದ ಮುಚ್ಚಳ ಅದುಮಿ ಲಾಕ್ ರಿಂಗ್ ತೆಗೆದರೆ ಪಿಸ್ಟನ್ ಹೊರಬರುತ್ತದೆ. ಇಲ್ಲಿ ಅದು ಎರಡು ತುಂಡಾಗಿ ಬಂತು. ಗೇರ್‌ಬಾಕ್ಸಿನ ಅಡಿಯ ಆಯಿಲ್ ಚೇಂಬರ್ ಬಿಚ್ಚಿ ನೋಡಿದರೆ ತಳದಲ್ಲಿ ಬೂದಿಯಂಥ ನಯವಾದ ಮಡ್ಡಿ, ವಯಸ್ಸಿಗೆ ಸಹಜವಾದಷ್ಟೇ. ಲೋಹದ ಚೂರು ಒಂದೂ ಇರಲಿಲ್ಲ.

ಸ್ಟಾಲ್ ಟೆಸ್ಟ್ ಯಾಕೆ ಮಾಡಲಿಲ್ಲ ಎಂದು ಕೇಳಿದೆ. ಬ್ರೇಕ್ ಒತ್ತಿ ಹಿಡಿದು ಪೂರ್ತಿ ಆಕ್ಸಲರೇಟರ್ ಕೊಟ್ಟು ಇಂಜಿನ್ ಎಷ್ಟು ಆರ್‌ಪಿಎಂಗೆ ಏರಿ ನಿಲ್ಲುತ್ತದೆಂದು ನೋಡುವ ಪರೀಕ್ಷೆ ಅದು. ಐದು ಸೆಕೆಂಡು ಮೀರಿದರೆ ಎಣ್ಣೆ ಕುದಿಯುವಷ್ಟು ಬಿಸಿಯಾಗುತ್ತದೆ. “ಉತ್ತರ ಸಿಕ್ಕಮೇಲೆ ಗಾಡೀನ ಯಾಕೆ ಹಿಂಸೆ ಮಾಡ್ಬೇಕು?” ಎಂದರು.

ಉಸ್ತಾದರು ಹೇಳಿದ ಇನ್ನೊಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಈ ಡೀಸೆಲ್ ಮರ್ಸಿಡಿಸ್‌ಗಳಲ್ಲಿ ಇಂಜಿನ್ ನಿಲ್ಲಿಸುವುದು, ಬಾಗಿಲ ಸೆಂಟ್ರಲ್ ಲಾಕ್, ಗೇರ್ ಬದಲಾಗುವ ಹದ, ಎಲ್ಲದಕ್ಕೂ ಒಂದೇ ಪಂಪಿನ ವ್ಯಾಕ್ಯೂಮ್. ಹಿಂಬಾಗಿಲ ಲಾಕಿನ ರಬ್ಬರ್ ಹರಿದರೂ ಗೇರ್ ಒದೆಯತೊಡಗಬಹುದು. ಕೀ ತಿರುಗಿಸಿದ ಮೇಲೂ ಇಂಜಿನ್ ನಿಲ್ಲಲು ತಡಮಾಡಿದರೆ ಮೊದಲು ವ್ಯಾಕ್ಯೂಮ್ ಪೈಪ್ ನೋಡಬೇಕು. ಇದು ತಿಳಿಯದೆ ಗೇರ್‌ಬಾಕ್ಸ್ ಇಳಿಸಿದವರನ್ನು ಅವರು ಬಹಳ ಕಂಡಿದ್ದಾರೆ.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಮೂಲ ಹಡಗಿನಲ್ಲಿದೆ. ಹಡಗುಗಳ ಟರ್ಬೈನಿನ ಶಕ್ತಿಯನ್ನು ಪ್ರೊಪೆಲರ್‌ಗೆ ದಾಟಿಸಲು ಜರ್ಮನಿಯ ಹರ್ಮನ್ ಫೊಟ್ಟಿಂಗರ್ 1905ರಲ್ಲಿ ದ್ರವದ ಜೋಡಣೆಗೆ ಪೇಟೆಂಟ್ ಪಡೆದರು. ಎದುರುಬದುರಾಗಿಟ್ಟ ಎರಡು ಫ್ಯಾನುಗಳಲ್ಲಿ ಒಂದಕ್ಕೆ ಕರೆಂಟ್ ಕೊಟ್ಟರೆ ಅದರ ಗಾಳಿಗೆ ಇನ್ನೊಂದೂ ತಿರುಗುವ ಹಾಗೆ, ಇಲ್ಲಿ ಗಾಳಿಯ ಜಾಗದಲ್ಲಿ ಎಣ್ಣೆ. ಅಮೆರಿಕದ ಜನರಲ್ ಮೋಟರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಿಗೆ ಹೈಡ್ರಾಮ್ಯಾಟಿಕ್ ಗೇರ್ ಅಳವಡಿಸಿತು. ಮರ್ಸಿಡಿಸ್ ತನ್ನದೇ ಆಟೊಮ್ಯಾಟಿಕ್ ತಂದದ್ದು 1961ರಲ್ಲಿ. 1970ರ ದಶಕದ ಆರಂಭದವರೆಗೆ ಈ ಗೇರ್ ಆಯಿಲ್‌ಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ಅಮೆರಿಕದಲ್ಲಿ ಅದಕ್ಕೆ ನಿಷೇಧ ಬಂದ ಮೇಲೆ ಹೊಸ ರಾಸಾಯನಿಕಗಳನ್ನು ಹುಡುಕಬೇಕಾಯಿತು.

ಅಂಬಾಸಡರ್, ಪದ್ಮಿನಿಗಳ ನಮ್ಮ ನಾಡಿಗೆ ಆಟೊಮ್ಯಾಟಿಕ್ ಗೇರ್ ದಶಕಗಳ ಕಾಲ ಪರಕೀಯ ವಿದ್ಯೆಯಾಗಿತ್ತು. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ, ಕ್ಲಚ್ ಪೆಡಲ್ ಇಲ್ಲದ ಕಾರನ್ನು ಮಧ್ಯಮ ವರ್ಗದ ಮನೆಗೆ ತಂದಿತು. ಆದರೆ ಅದರೊಳಗಿರುವುದು ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಎಣ್ಣೆಯ ಒತ್ತಡದಿಂದಲೇ ನಿರ್ಧಾರ ತೆಗೆದುಕೊಳ್ಳುವ ಹಳೆಯ ಗೇರ್‌ಬಾಕ್ಸನ್ನು ಓದುವ ಕಲೆಗೆ ಅದರಿಂದ ಲಾಭವಾಗಲಿಲ್ಲ.

ಈಗ ಕಂಪ್ಯೂಟರ್ ತೋರಿಸಿದ ಕೋಡ್ ನೋಡಿ ಇಡೀ ಘಟಕವನ್ನೇ ಬದಲಿಸುವುದು ರೂಢಿ. ಕೋಡ್ ಕೊಡಲು ಕಂಪ್ಯೂಟರೇ ಇಲ್ಲದ ಕಾರಿಗೆ ಗುಜರಿಯಿಂದ ಮ್ಯಾನುಯಲ್ ಗೇರ್‌ಬಾಕ್ಸ್ ತಂದು ಕೂರಿಸಿಬಿಡುತ್ತಾರೆ. ಹಾಗೆ ಎಷ್ಟೋ ಒಳ್ಳೆಯ ಗಾಡಿಗಳು ತಮ್ಮ ಮೂಲರೂಪ ಕಳೆದುಕೊಂಡಿವೆ. 2021ರ ಕೇಂದ್ರದ ನಿಯಮದಂತೆ ವಿಂಟೇಜ್ ಮನ್ನಣೆಗೆ ಐವತ್ತು ವರ್ಷ ದಾಟಿರಬೇಕು, ವಾಹನ ಮೂಲರೂಪದಲ್ಲೂ ಇರಬೇಕು. ಆ ಮನ್ನಣೆ ಸಿಗುವವರೆಗೆ ಈ ಕಾರುಗಳನ್ನು ಕಾಪಾಡಬಲ್ಲವರು ಉಸ್ತಾದರಂಥವರೇ.

ಉಸ್ತಾದರ ಬಳಿ ಶಾಲಾ ಮಕ್ಕಳ ಬರೆಯುವ ಪುಸ್ತಕಗಳಿವೆ. ಯಾವ ಗಾಡಿ, ಯಾವ ಲಕ್ಷಣ, ಒಳಗೆ ಏನು ಸಿಕ್ಕಿತು, ಎಲ್ಲವನ್ನೂ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ಅವರ ಮಕ್ಕಳು ಬೇರೆ ಕೆಲಸಗಳಲ್ಲಿದ್ದಾರೆ. ಗ್ಯಾರೇಜಿಗೆ ಸೇರುವ ಹುಡುಗರು ಒಂದೆರಡು ವರ್ಷಕ್ಕೆ ಡೆಲಿವರಿ ಕೆಲಸಕ್ಕೆ ಹೊರಟುಬಿಡುತ್ತಾರೆ. ನಮ್ಮ ಐಟಿಐಗಳು ವಾರಕ್ಕೊಂದು ತರಗತಿಗೆ ಇಂಥವರನ್ನು ಕರೆಯಲಿ. ಆ ಪುಸ್ತಕಗಳನ್ನು ಯಾರಾದರೂ ಅಚ್ಚು ಹಾಕಿಸಲಿ. ಮನೆಯಲ್ಲಿ ಹಳೆಯ ಆಟೊಮ್ಯಾಟಿಕ್ ಕಾರು ಇಟ್ಟುಕೊಂಡ ಓದುಗರಲ್ಲೂ ಒಂದು ವಿನಂತಿ: ಗಾಡಿ ದಿಢೀರನೆ ನಿಂತರೆ ಎಳೆಸಬೇಡಿ, ಆಯಿಲ್ ನೋಡಿ, ರಿವರ್ಸ್ ಹಾಕಿ ನೋಡಿ. ಇಷ್ಟನ್ನೂ ನೋಡದೆ ಗೇರ್‌ಬಾಕ್ಸ್ ಇಳಿಸುತ್ತೇನೆನ್ನುವವರಿಗೆ ಕೀ ಕೊಡಬೇಡಿ.