ಮೌನವಾಗಿರುವ ಮಗುವಿಗೆ ಮಾತಿನ ಧೈರ್ಯ

ಶಿಕ್ಷಕರು ಪ್ರಶ್ನೆ ಕೇಳಿದೊಡನೆ ತರಗತಿಯಲ್ಲಿ ನಾಲ್ಕಾರು ಕೈಗಳು ಮೇಲೇಳುತ್ತವೆ. ದಿನವೂ ಏಳುವುದು ಬಹುಮಟ್ಟಿಗೆ ಅವೇ ಕೈಗಳು. ಉಳಿದವರಲ್ಲಿ ಕೆಲವರು ಅದೇ ಪ್ರಶ್ನೆಗೆ ಸರಿಯಾದ ಉತ್ತರ ಬರೆಯಬಲ್ಲರು. ಎದ್ದುನಿಂತು ಹೇಳೆಂದರೆ ಮಾತ್ರ ತಲೆತಗ್ಗಿಸುತ್ತಾರೆ. ಇಂಥ ಮಗುವಿಗೆ ಪಾಠ ತಿಳಿದಿಲ್ಲವೆಂದೋ ಕನ್ನಡ ಬಾರದೆಂದೋ ತೀರ್ಮಾನಿಸುವುದು ಸುಲಭ. ಗಡಿನಾಡಿನಲ್ಲಿ ಈ ಅವಸರದ ತೀರ್ಮಾನದಿಂದಾಗುವ ನಷ್ಟ ದೊಡ್ಡದು. ಪೇಟೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಮಲಯಾಳವನ್ನೋ ತಮಿಳನ್ನೋ ಮರಾಠಿಯನ್ನೋ ತೆಲುಗನ್ನೋ ಕೇಳುವ ಮಗುವಿಗೆ ಶಿಷ್ಟ ಕನ್ನಡವನ್ನು ಆಡಿನೋಡಲು ಇರುವ ಸ್ಥಳ ಬಹುಪಾಲು ಶಾಲೆಯೊಂದೇ. ಅಲ್ಲಿಯೂ ಬಾಯಿ ತೆರೆಯದೆ ವರ್ಷಗಳು ಕಳೆದರೆ, ಆ ಮಗು ಕನ್ನಡವನ್ನು ಓದಬಲ್ಲದು, ಆದರೆ ನಾಲ್ಕು ಜನರ ಮುಂದೆ ಆಡಲಾರದು.

ಮೌನದ ಮೂಲ

ಸಂಕೋಚ ಕೆಲವು ಮಕ್ಕಳ ಸಹಜ ಸ್ವಭಾವ. ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಆದರೆ ಗಡಿನಾಡಿನ ತರಗತಿಯಲ್ಲಿ ಮೌನಕ್ಕೆ ಇನ್ನೊಂದು ಕಾರಣವೂ ಉಂಟು: ಮನೆಮಾತಿಗೂ ಪಠ್ಯಪುಸ್ತಕದ ಮಾತಿಗೂ ಇರುವ ಅಂತರ. ಕಾಸರಗೋಡಿನ ಕನ್ನಡ ಶಾಲೆಗೆ ತುಳು, ಕೊಂಕಣಿ, ಮರಾಠಿ, ಮಲಯಾಳ, ಹವ್ಯಕ ಕನ್ನಡ ಮನೆಮಾತಿನ ಮಕ್ಕಳು ಒಟ್ಟಿಗೆ ಬರುತ್ತಾರೆ. ಅಕ್ಕಲಕೋಟೆ, ಜತ್ತ ಕಡೆಯ ಮಗು 'ನನಗ', 'ಯಾಕ' ಎಂದೇ ಮಾತು ಕಲಿತಿರುತ್ತದೆ. ಇಂಥ ಮಗು ಮೊದಲ ಬಾರಿ ಬಾಯಿಬಿಟ್ಟಾಗ ತರಗತಿ ನಕ್ಕಿತೆಂದರೆ, ಎರಡನೆಯ ಬಾರಿ ಅದು ಬಾಯಿಬಿಡುವುದು ಕಷ್ಟ.

ಹವ್ಯಕ ಮನೆಯ ಮಗು 'ನನಗೆ' ಎನ್ನಬೇಕಾದಲ್ಲಿ 'ಎನಗೆ' ಎಂದರೆ ನಗುವುದಕ್ಕೆ ಕಾರಣವಿಲ್ಲ. ವಚನಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ರೂಪವದು. ವಚನದ ಪಾಠ ಬಂದ ದಿನ ಶಿಕ್ಷಕರು ಇದನ್ನು ಎಲ್ಲರ ಮುಂದೆ ಹೇಳಿದರೆ, ನಗೆಗೀಡಾಗುತ್ತಿದ್ದ ಮಾತಿಗೇ ಗೌರವ ಬರುತ್ತದೆ.

ಕಾಯುವುದು

ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೂ ಕಾಯದೆ ಮುಂದುವರಿಯುತ್ತಿದ್ದುದು ಅವರಿಗೆ ಕಂಡುಬಂದಿತು. ಈ ಅವಧಿಯನ್ನು ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಿಸಿದಾಗ ಉತ್ತರಗಳು ದೀರ್ಘವಾದವು. ಸಾಮಾನ್ಯವಾಗಿ ಸುಮ್ಮನಿರುತ್ತಿದ್ದ ಮಕ್ಕಳೂ ಮಾತನಾಡತೊಡಗಿದರು. ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳಬೇಕಾದ ಮಗುವಿಗೆ ಈ ಬಿಡುವು ಇನ್ನೂ ಅಗತ್ಯ. ಪ್ರಶ್ನೆಯ ನಂತರ ಮನಸ್ಸಿನಲ್ಲೇ ಐದರವರೆಗೆ ಎಣಿಸುವ ರೂಢಿ ಮಾಡಿಕೊಂಡರೆ ಸಾಕು. ಮಗು ಉತ್ತರಿಸಿದ ಮೇಲೂ ಕ್ಷಣಕಾಲ ಕಾದರೆ, ಅದು ತನ್ನ ಮಾತಿಗೆ ತಾನೇ ಇನ್ನೊಂದು ವಾಕ್ಯ ಸೇರಿಸುವುದುಂಟು.

ಜೋಡಿಯಿಂದ ತರಗತಿಗೆ

ಒಂಟಿಯಾಗಿ ಎದ್ದುನಿಲ್ಲಲು ಅಂಜುವ ಮಗು ಪಕ್ಕದ ಗೆಳತಿಯೊಡನೆ ನಿರಾಳವಾಗಿ ಮಾತನಾಡುತ್ತದೆ. 1981ರಲ್ಲಿ ಫ್ರಾಂಕ್ ಲೈಮನ್ ರೂಪಿಸಿದ 'ಯೋಚಿಸು, ಜೋಡಿಯಾಗಿ ಚರ್ಚಿಸು, ಹಂಚಿಕೊ' ಎಂಬ ಕ್ರಮ ಈ ಅನುಭವವನ್ನೇ ಆಧರಿಸಿದೆ. ಕಾಸರಗೋಡಿನ ಗುಡ್ಡಗಾಡಿನ ಶಾಲೆಯೊಂದರಲ್ಲಿ ನೀರಿನ ಪಾಠ ನಡೆಯುತ್ತಿದೆಯೆಂದು ಭಾವಿಸೋಣ. ಪುಸ್ತಕದಲ್ಲಿ ನದಿ, ಕೆರೆ, ಬಾವಿಗಳಿವೆ. ಶಿಕ್ಷಕರು 'ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ?' ಎಂದು ಕೇಳಿ, ಒಂದು ನಿಮಿಷ ಯೋಚಿಸಲು ಬಿಡುತ್ತಾರೆ. ಅನಂತರ ಮಕ್ಕಳು ಇಬ್ಬಿಬ್ಬರಾಗಿ, ಮನೆಮಾತಿನಲ್ಲಾದರೂ ಸರಿ, ಮಾತಾಡಿಕೊಳ್ಳುತ್ತಾರೆ. ಕೊನೆಗೆ ಪ್ರತಿ ಜೋಡಿಯಿಂದ ಒಬ್ಬರು ಎಲ್ಲರಿಗೂ ಹೇಳುತ್ತಾರೆ.

ಎಂದೂ ಮಾತಾಡದ ಹುಡುಗನೊಬ್ಬನ ಮನೆಯಲ್ಲಿ ಸುರಂಗವಿರಬಹುದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಆ ಸುರಂಗದಿಂದ ಪಂಪಿನ ಹಂಗಿಲ್ಲದೆ ನೀರು ತಾನಾಗಿ ಹರಿದುಬರುತ್ತದೆ. ಒಳಗೆ ಎಷ್ಟು ಕತ್ತಲೆ, ಬೇಸಗೆಯಲ್ಲಿ ನೀರು ಎಷ್ಟು ಸಣ್ಣಗಾಗುತ್ತದೆ ಎಂಬುದು ಅವನಿಗೆ ಗೊತ್ತು. ಪುಸ್ತಕದಲ್ಲಿಲ್ಲದ ಸಂಗತಿಯನ್ನು ಅವನು ಆ ದಿನ ತರಗತಿಗೆ ಕಲಿಸುತ್ತಾನೆ. ಸಂಕೋಚದ ಮಗುವಿಗೆ ಮೊದಲ ಅವಕಾಶವನ್ನು ಅದು ಚೆನ್ನಾಗಿ ಬಲ್ಲ ವಿಷಯದಲ್ಲೇ ಕೊಡಬೇಕೆನ್ನುವುದು ಇದಕ್ಕಾಗಿ. ತಾಳವಾಡಿಯಲ್ಲಿ ಆ ವಿಷಯ ಕಾಡಂಚಿನ ಹೊಲವಾಗಬಹುದು, ಸೊಲ್ಲಾಪುರದಲ್ಲಿ ಮನೆಯ ಮಗ್ಗವಾಗಬಹುದು.

ತಿದ್ದುವ ರೀತಿ

ಮಗು ಮಾತನಾಡುತ್ತಿರುವಾಗ ನಡುವೆ ತಡೆದು ತಿದ್ದಿದರೆ ಅದರ ಗಮನ ವಿಷಯದಿಂದ ತಪ್ಪಿನತ್ತ ಸರಿಯುತ್ತದೆ. 'ನೀರು ಗುಡ್ಡೆಯೊಳಗಿಂದ ಬರ್ತದೆ' ಎಂದ ಮಗುವಿಗೆ 'ಹೌದು, ನೀರು ಗುಡ್ಡದ ಒಳಗಿನಿಂದ ಬರುತ್ತದೆ. ಆಮೇಲೆ?' ಎಂದು ಮರುನುಡಿದರೆ ಶಿಷ್ಟರೂಪ ಕಿವಿಗೆ ಬೀಳುತ್ತದೆ, ಮಾತೂ ಮುಂದುವರಿಯುತ್ತದೆ. ಉಚ್ಚಾರಣೆ, ವ್ಯಾಕರಣಗಳ ಅಭ್ಯಾಸಕ್ಕೆ ಬೇರೆ ಸಮಯವನ್ನು ಮೀಸಲಿಡಬಹುದು. ಹೊಗಳಿಕೆಯೂ ಹಿತಮಿತವಾಗಿರಲಿ. ಎಲ್ಲರೂ ತಿರುಗಿ ನೋಡುವಂತೆ ಚಪ್ಪಾಳೆ ತಟ್ಟಿಸಿದರೆ ನಾಚುವ ಮಗು ಮತ್ತಷ್ಟು ಮುದುಡುತ್ತದೆ. ಅದು ಹೇಳಿದ ಮಾತನ್ನು ಕರಿಹಲಗೆಯ ಮೇಲೆ ಬರೆದು ಪಾಠ ಮುಂದುವರಿಸುವುದೇ ಒಳ್ಳೆಯ ಮನ್ನಣೆ.

ಎಚ್ಚರಿಕೆಗಳು

ಮಾತಾಡದ ಮಗುವನ್ನು ನಿಲ್ಲಿಸುವುದು, ಹಂಗಿಸುವುದು ಸಲ್ಲದು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿ ದೈಹಿಕ ಶಿಕ್ಷೆಯೊಂದಿಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗುವನ್ನು ಭಯದಿಂದ ಮುಕ್ತಗೊಳಿಸಿ, ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕೆಂಬುದು 29ನೆಯ ವಿಧಿಯ ಆಶಯ. ಕೆಲವೊಮ್ಮೆ ಮೌನಕ್ಕೆ ಕಾರಣ ಕಿವಿಯ ದೋಷವಿರಬಹುದು. ಮಗು ಪದೇಪದೇ ಮಾತನ್ನು ಮರುಕೇಳುತ್ತಿದ್ದರೆ ಶ್ರವಣ ಪರೀಕ್ಷೆ ಮಾಡಿಸುವಂತೆ ಪಾಲಕರಿಗೆ ತಿಳಿಸಬೇಕು. ಮನೆಯಲ್ಲಿ ಚೆನ್ನಾಗಿ ಮಾತನಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ, ಗೆಳೆಯರೊಡನೆಯೂ, ಒಂದು ಮಾತನ್ನೂ ಆಡದಿದ್ದರೆ ತಜ್ಞರ ಸಲಹೆ ಅಗತ್ಯ.

ಒಂದು ಸರಳ ದಾಖಲೆ

ಮಕ್ಕಳ ಹೆಸರುಗಳಿರುವ ಹಾಳೆಯೊಂದನ್ನು ಮೇಜಿನ ಮೇಲಿಟ್ಟುಕೊಂಡು, ಪಾಠದಲ್ಲಿ ಮಾತನಾಡಿದವರ ಹೆಸರಿನ ಮುಂದೆ ಒಂದು ಚುಕ್ಕೆ ಇಡಬಹುದು. ವಾರದ ಕೊನೆಯಲ್ಲಿ ಚುಕ್ಕೆಯಿಲ್ಲದ ಹೆಸರುಗಳು ಕಣ್ಣಿಗೆ ಬೀಳುತ್ತವೆ. ಮುಂದಿನ ವಾರ ಅವರಲ್ಲಿ ಇಬ್ಬರಿಗಾಗಿ, ಅವರು ಉತ್ತರಿಸಬಲ್ಲ ಒಂದೊಂದು ಪ್ರಶ್ನೆಯನ್ನು ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ಸಾಧ್ಯವಾದರೆ ಹಿಂದಿನ ದಿನವೇ ಅದನ್ನು ಅವರಿಗೆ ತಿಳಿಸಬೇಕು. ಮೊದಲ ಉತ್ತರ ಒಂದೇ ಪದದ್ದಾಗಿದ್ದರೂ ಅದನ್ನು ಪೂರ್ಣ ಉತ್ತರವೆಂದೇ ಸ್ವೀಕರಿಸಬೇಕು. ಎರಡನೆಯ ಪದ ಅದರ ಹಿಂದೆಯೇ ಬರುತ್ತದೆ.