ಮೇಣದ ಬತ್ತಿಯ ಹೊಗೆಯಿಂದ ಸೀಸದ ಕನ್ನಡಿಯವರೆಗೆ

ಸುವರ್ಣಾ ನದಿಯ ತೀರದ ಕಲ್ಯಾಣಪುರದಲ್ಲಿ, ಮಳೆಗಾಲದ ನೀರು ನಿಂತ ಬೈಲುಗದ್ದೆಯ ಕೆಸರನ್ನು ಕೋಲಿನಿಂದ ಕದಡಿದಾಗ ಮೇಲೇಳುವ ಗುಳ್ಳೆಗಳಲ್ಲಿ ಮಿಥೇನ್ ಅನಿಲವಿರುತ್ತದೆ. ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ 1776ರಲ್ಲಿ ಮಜ್ಜೊರೆ ಸರೋವರದ ಜವುಗಿನಿಂದ ಸಂಗ್ರಹಿಸಿದುದೂ ಇದನ್ನೇ. ಒಂದು ಇಂಗಾಲಕ್ಕೆ ನಾಲ್ಕು ಜಲಜನಕಗಳು ಬಿಗಿದುಕೊಂಡಿರುವ ಈ ಸರಳತಮ ಆಲ್ಕೇನು ಸಾಮಾನ್ಯ ಆಮ್ಲ, ಕ್ಷಾರಗಳಾವುದಕ್ಕೂ ಜಗ್ಗದು. ಆದರೆ ಕ್ಲೋರಿನ್ನಿನೊಡನೆ ಬೆರೆತು ಬೆಳಕಿಗೆ ಬಿದ್ದೊಡನೆ ತನ್ನ ಜಲಜನಕಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತದೆ.

ಪ್ಯಾರಿಸ್ಸಿನ ಟ್ವಿಲರಿ ಅರಮನೆಯ ಸಮಾರಂಭವೊಂದರಲ್ಲಿ ಮೇಣದ ಬತ್ತಿಗಳು ಕಟುವಾದ ಹೊಗೆಯನ್ನುಗುಳಿ ಅತಿಥಿಗಳನ್ನು ಕೆಮ್ಮಿಸಿದುವೆಂದೂ, ಕಾರಣವನ್ನು ಶೋಧಿಸುವ ಕಾರ್ಯ ರಸಾಯನಶಾಸ್ತ್ರಜ್ಞ ಡ್ಯೂಮಾನ ಪಾಲಿಗೆ ಬಂದಿತೆಂದೂ ಪ್ರತೀತಿಯುಂಟು. ಮೇಣವನ್ನು ಬಿಳುಪಾಗಿಸಲು ಬಳಸಿದ ಕ್ಲೋರಿನ್ ಅದರ ಅಣುವಿನಲ್ಲಿಯೇ ನೆಲೆಗೊಂಡು, ಉರಿಯುವಾಗ ಹೈಡ್ರೋಜನ್ ಕ್ಲೋರೈಡಾಗಿ ಹೊರಬೀಳುತ್ತಿತ್ತು. ಜಲಜನಕ ತೆರವುಮಾಡಿದ ಸ್ಥಾನವನ್ನು ಕ್ಲೋರಿನ್ ಆಕ್ರಮಿಸುವುದೆಂಬ ಆದೇಶನ ತತ್ತ್ವವನ್ನು ಅವನು 1834ರಲ್ಲಿ ಪ್ರತಿಪಾದಿಸಿದನು. ಫಲವೇನೋ ತಿಳಿಯಿತು, ಅದು ಒದಗುವ ಮಾರ್ಗ ಮಾತ್ರ ಬಹುಕಾಲ ಅಗೋಚರವಾಗಿಯೇ ಉಳಿಯಿತು.

ಜಲಜನಕ ಮತ್ತು ಕ್ಲೋರಿನ್ನುಗಳ ಮಿಶ್ರಣದಲ್ಲಿ ಬೆಳಕಿನ ಒಂದೇ ಕ್ವಾಂಟಮ್ ಲಕ್ಷಗಟ್ಟಲೆ ಅಣುಗಳನ್ನು ಪರಿವರ್ತಿಸಬಲ್ಲುದೆಂದು ಕಂಡ ಬೋಡೆನ್‌ಸ್ಟೈನ್, 1913ರಲ್ಲಿ ಸರಪಳಿ ಕ್ರಿಯೆಯ ಕಲ್ಪನೆಯನ್ನು ಮುಂದಿಟ್ಟನು. ಆ ಸರಪಳಿಯ ಕೊಂಡಿಗಳು ಬಿಡಿ ಪರಮಾಣುಗಳೆಂದು 1918ರಲ್ಲಿ ನೆರ್ನ್‌ಸ್ಟ್ ವಿವರಿಸಿದನು. ಮಿಥೇನಿನಲ್ಲಿಯೂ ನಡೆಯುವುದು ಇದೇ. ಬೆಳಕು ಕ್ಲೋರಿನ್ ಅಣುವನ್ನು ಸೀಳಿ, ಒಂಟಿ ಎಲೆಕ್ಟ್ರಾನುಳ್ಳ ಎರಡು ಪರಮಾಣುಗಳನ್ನು ಹೊರಡಿಸುತ್ತದೆ. ಅವುಗಳಲ್ಲೊಂದು ಮಿಥೇನಿನ ಜಲಜನಕವನ್ನು ಕಸಿಯಲು, ಉಳಿದ ಮೀಥೈಲ್ ರ್‍ಯಾಡಿಕಲ್ಲು ಮತ್ತೊಂದು ಕ್ಲೋರಿನ್ ಅಣುವಿನಿಂದ ಒಂದು ಪರಮಾಣುವನ್ನು ಕಿತ್ತುಕೊಂಡು ಮೀಥೈಲ್ ಕ್ಲೋರೈಡಾಗುತ್ತದೆ. ಹಾಗೆ ಒಂಟಿಯಾದ ಇನ್ನೊಂದು ಕ್ಲೋರಿನ್ ಪರಮಾಣು ಕ್ರಿಯೆಯನ್ನು ಮುಂದುವರಿಸುತ್ತದೆ. ಒಂಟಿಗಳೆರಡು ಪರಸ್ಪರ ಕೂಡಿದಲ್ಲಿ ಸರಪಳಿ ತುಂಡಾಗುತ್ತದೆ.

ಕ್ಷಣಾರ್ಧವೂ ಬಾಳದ ಮೀಥೈಲಿನ ಅಸ್ತಿತ್ವಕ್ಕೆ ಪ್ರಮಾಣವನ್ನೊದಗಿಸಿದವರು, 1929ರಲ್ಲಿ, ಪಾನೆತ್ ಮತ್ತು ಹೊಫೆಡಿಟ್ಸ್. ಮೀಥೈಲನ್ನೊಳಗೊಂಡ ಸೀಸದ ಸಂಯುಕ್ತವೊಂದರ ಆವಿಯನ್ನು ಕಾದ ಗಾಜಿನ ನಳಿಕೆಯಲ್ಲಿ ಹಾಯಿಸಿದಾಗ ಒಳಗೋಡೆಯಲ್ಲಿ ಸೀಸದ ಕನ್ನಡಿ ಮೂಡಿತು. ಆವಿ ಬರುವ ದಿಕ್ಕಿನಲ್ಲಿ ಇನ್ನೊಂದೆಡೆ ಕಾಯಿಸಿದಾಗ ಅಲ್ಲಿಂದ ಹರಿದುಬಂದ ಮೀಥೈಲ್ ಆ ಮೊದಲಿನ ಕನ್ನಡಿಯನ್ನು ಕರಗಿಸಿಬಿಟ್ಟಿತು.

ಈ ಆದೇಶನದಲ್ಲಿ ಕ್ಲೋರಿನ್ನಿನ ಬಳಗದ ಹ್ಯಾಲೊಜನ್ನುಗಳೆಲ್ಲವೂ ಸಮಾನಶೀಲವಲ್ಲ. ಫ್ಲೋರಿನ್ ಸ್ಫೋಟಿಸುತ್ತದೆ, ಅಯೋಡಿನ್ ವಿಮುಖವಾಗಿರುತ್ತದೆ. ಪ್ರೊಪೇನಿನಲ್ಲಿ ಆತುರದ ಕ್ಲೋರಿನ್ ನಡುವಣ ಇಂಗಾಲವನ್ನು ಹಿಡಿಯುವುದು ಸುಮಾರು ಶೇ 55ರಷ್ಟು ಮಾತ್ರ. ನಿಧಾನಿಯಾದ ಬ್ರೋಮಿನ್, ದುರ್ಬಲವಾದ ಬಂಧವನ್ನೇ ಆಯ್ದು, ಸುಮಾರು ಶೇ 97ರಷ್ಟು ಅಲ್ಲಿಗೇ ಸೇರುತ್ತದೆ.

ಪ್ರಾರಂಭ, ಪ್ರಸರಣ, ಸಮಾಪ್ತಿಗಳೆಂದು ನಮ್ಮ ಪದವಿಪೂರ್ವ ವಿದ್ಯಾರ್ಥಿಗಳು ಕಂಠಪಾಠ ಮಾಡುವ ಮೂರು ಹಂತಗಳ ಹಿಂದೆ ಒಂದು ಶತಮಾನದ ವಿಚಾರಣೆಯಿದೆ. ಸಮೀಕರಣಗಳನ್ನು ಬರೆಯಿಸುವ ಮುನ್ನ ಉಪಾಧ್ಯಾಯರು ಆ ಕರಗಿದ ಕನ್ನಡಿಯ ಪ್ರಯೋಗವನ್ನು ತರಗತಿಗೆ ವಿವರಿಸಿದರೆ, ಕಾಣದುದನ್ನು ವಿಜ್ಞಾನ ನಂಬುವುದು ಯಾವ ಆಧಾರದ ಮೇಲೆಂಬುದನ್ನೂ ಮಕ್ಕಳು ಅರಿತಾರು.