ಹಾರುವ ನೌಕೆ ತಟ್ಟೆಯೇ ಏಕಾಗಬೇಕು?

ಹುಣಸೂರಾಗಲಿ, ಕೋಟೆಯಾಗಲಿ, ಅನ್ಯಲೋಕದ ನೌಕೆ ಬರೆಯಿರೆಂದರೆ ಮಕ್ಕಳು ಬರೆಯುವುದು ತಟ್ಟೆಯನ್ನೇ. 1947ರಲ್ಲಿ ಅಮೆರಿಕದ ವಿಮಾನಚಾಲಕ ಕೆನೆತ್ ಆರ್ನಾಲ್ಡ್ ತಾನು ಕಂಡ ವಸ್ತುಗಳು ನೀರಿನ ಮೇಲೆ ಬೀಸಿದ ತಟ್ಟೆಯಂತೆ ಚಲಿಸಿದವೆಂದ. ಲಕ್ಷ್ಮಣತೀರ್ಥಕ್ಕೆ ಹುಡುಗರು ಬೀಸಿದ ಚಪ್ಪಟೆ ಕಲ್ಲು ಕುಪ್ಪಳಿಸುವುದಿಲ್ಲವೇ, ಹಾಗೆ. ಪತ್ರಿಕೆಗಳು ಚಲನೆಯನ್ನು ಬಿಟ್ಟು ತಟ್ಟೆಯನ್ನು ಹಿಡಿದುಕೊಂಡವು.

ವಿಮಾನದ ಮೂತಿ ನಯವಾಗಿರುವುದು ಗಾಳಿಯನ್ನು ಸೀಳಲು. ನಿರ್ವಾತದಲ್ಲಿ ಆ ಗೊಡವೆಯಿಲ್ಲ. 2023ರಲ್ಲಿ ಚಂದ್ರನ ಮೇಲಿಳಿದ ನಮ್ಮ ವಿಕ್ರಮ್ ನಾಲ್ಕು ಕಾಲಿನ ಪೆಟ್ಟಿಗೆ. ಗಾಳಿಯಿರುವ ಗ್ರಹಕ್ಕೆ ಅತಿವೇಗದಿಂದ ಇಳಿಯಲು ಮಾತ್ರ ಮೊಂಡು ಮೂತಿಯೇ ಲೇಸು. ಮುಂದೆ ಒತ್ತಲ್ಪಟ್ಟು ಕಾದ ಗಾಳಿ ಬಹುಪಾಲು ಶಾಖವನ್ನು ಹೊತ್ತು ಪಕ್ಕಕ್ಕೆ ಸರಿಯುತ್ತದೆ. (ಹೊಟ್ಟೆ ಕೆಳಗಾಗಿ ಇಳಿದರೆ ತಟ್ಟೆಯೂ ನಡೆದೀತು!)

ದೂರ ಪಯಣಕ್ಕೆ ನನಗೆ ನಂಬಲರ್ಹವೆನಿಸುವ ಮಾದರಿ ವಾಯೇಜರ್. 1977ರಲ್ಲಿ ಹೊರಟ ಈ ಜೋಡಿ ನೌಕೆಗಳಿಗೆ 3.7 ಮೀಟರ್ ಅಗಲದ ಬೋಗುಣಿಯಂಥ ಆಂಟೆನಾ, ಅದರ ಬೆನ್ನಿಗೆ ಹತ್ತು ಮುಖದ ಪೆಟ್ಟಿಗೆ, ಸುತ್ತ ಚಾಚಿದ ಕೋಲುಗಳು. ಒಂದಂತೂ 13 ಮೀಟರ್ ಉದ್ದ. ಅಂದವೇನೂ ಇಲ್ಲ. ದೂರದ ಭೂಮಿಗೆ ಸುದ್ದಿ ಮುಟ್ಟಿಸಲು ದೊಡ್ಡ ಬೋಗುಣಿ ಬೇಕು, ನೌಕೆಯದೇ ಕಾಂತತ್ವ ಅಳತೆಯನ್ನು ಕೆಡಿಸದಿರಲು ಉದ್ದ ಕೋಲು ಬೇಕು. ಒಂದು 2012ರಲ್ಲಿ, ಇನ್ನೊಂದು 2018ರಲ್ಲಿ ನಕ್ಷತ್ರಗಳ ನಡುವಿನ ಪ್ರದೇಶ ಹೊಕ್ಕಿವೆ. ಅಲ್ಲಿ ಯಾರಾದರೂ ಇದ್ದರೆ, ಅವರ ಪಾಲಿಗೆ ಅನ್ಯಲೋಕದ ನೌಕೆ ಇದೇ. ಮೈಗೆ ಬಿಗಿದಿರುವ ಚಿನ್ನ ಲೇಪಿತ ತಾಮ್ರದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು.